ಚಿಪ್ಪು ಹೇಳಿದ್ದೊಂದು, ವಂಶವಾಹಿ ಹೇಳಿದ್ದೊಂದು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ಸೀಮೆಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಪಡುಗಡಲನ್ನು ಸೇರುತ್ತದೆ. ತೀರ್ಥಹಳ್ಳಿ ಪೇಟೆಯನ್ನು ಬಳಸಿ ಹರಿಯುವ ತುಂಗೆಯಾದರೋ ಮೂಡಲಿಗೆ ಸಾಗಿ ಕೂಡಲಿಯಲ್ಲಿ ತಂಗಿ ಭದ್ರೆಯನ್ನು ಕೂಡುತ್ತಾಳೆ. ಒಂದೇ ಮಲೆನಾಡಿನ ನೀರು, ಎರಡು ದಾರಿ. ಈ ಎರಡು ದಾರಿಗಳಲ್ಲೂ ಒಂದು ಸೋಜಿಗ ಕಾದಿದೆ.

ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ನಮ್ಮ ಕರಾವಳಿಯ ಅಳಿವೆಗಳಲ್ಲಿ ಸಿಂಪಿಗಳು ಬಂಡೆಗೆ ಗಾರೆ ಹಾಕಿದಂತೆ ಅಂಟಿಕೊಂಡಿರುತ್ತವೆ. ಆದರೆ ಕಡಲಿನಿಂದ ಘಟ್ಟದಾಚೆ ಇರುವ, ಉಪ್ಪಿನ ಸೋಂಕೇ ಇಲ್ಲದ ಭದ್ರಾ ನದಿಯಲ್ಲೂ ಹಾಗೆಯೇ ಬಂಡೆಗೆ ಅಂಟುವ ಚಿಪ್ಪುಜೀವಿಯೊಂದಿದೆ! ಸಾಮಾನ್ಯ ಕಪ್ಪೆಚಿಪ್ಪು ಮರಳಿನಲ್ಲಿ ಹುದುಗಿ ಮೆಲ್ಲಗೆ ತೆವಳಿದರೆ, ಇದು ಎಳೆಯದರಲ್ಲಿ ಬಿಡಿಯಾಗಿದ್ದು, ಬೆಳೆದಾಗ ಒಂದು ಚಿಪ್ಪನ್ನು ಕಲ್ಲಿಗೆ ಬೆಸೆದು ಅಲ್ಲೇ ಬಾಳು ಸವೆಸುತ್ತದೆ.

1898ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಲಂಡನ್ನಿನ ಇ. ಎ. ಸ್ಮಿತ್. ಚಿಪ್ಪಿನ ಆಕಾರ ನೋಡಿ ಅವರು ಇದಕ್ಕೆ 'ಮುಲ್ಲೇರಿಯಾ ಡಾಲಿಯೈ' ಎಂದು ಹೆಸರಿಟ್ಟರು. ಮುಲ್ಲೇರಿಯಾ ಎಂಬುದು ದಕ್ಷಿಣ ಅಮೆರಿಕದ ನದಿಯಲ್ಲಿ ಬಂಡೆಗೆ ಅಂಟುವ ಚಿಪ್ಪುಜೀವಿ. 1907ರಲ್ಲಿ ಫ್ರಾನ್ಸಿನ ಆಂಟನಿ ಇದನ್ನು ಬೇರ್ಪಡಿಸಿ 'ಸ್ಯೂಡೋಮುಲ್ಲೇರಿಯಾ', ಅಂದರೆ 'ಹುಸಿ ಮುಲ್ಲೇರಿಯಾ' ಎಂದು ಕರೆದರು. ಆದರೂ ಆಫ್ರಿಕ, ದಕ್ಷಿಣ ಅಮೆರಿಕಗಳ ಅಂಟುಚಿಪ್ಪುಗಳ ಕುಟುಂಬದಲ್ಲೇ ಇದರ ಹೆಸರೂ ಉಳಿಯಿತು.

ಆಷಾಢದ ಮಳೆಯಲ್ಲಿ ಗೊರಬು ಹೊದ್ದು ಗದ್ದೆಯಲ್ಲಿ ನೆಟ್ಟಿ ಮಾಡುವವರನ್ನು ದೂರದಿಂದ ನೋಡಿ. ಎಲ್ಲರ ಬೆನ್ನೂ ಒಂದೇ ಆಕಾರ. ಹಾಗೆಂದು ಅವರೆಲ್ಲ ಒಂದೇ ಮನೆಯವರೆನ್ನಲಾದೀತೇ? ಆ ಆಕಾರ ಕೊಟ್ಟದ್ದು ಮಳೆ. ಚಿಪ್ಪಿಗೂ ಹೀಗೆಯೇ ಬಂಡೆ ಮತ್ತು ನೀರಿನ ಸೆಳೆತ ರೂಪ ಕೊಡುತ್ತವೆ. ಅಳಿವೆಯ ಒಂದೇ ಜಾತಿಯ ಸಿಂಪಿ ಕೂಡ ಇಕ್ಕಟ್ಟಿನಲ್ಲಿ ಉದ್ದವಾಗಿ, ಬಿಡುವಿದ್ದಲ್ಲಿ ಅಗಲವಾಗಿ ಬೆಳೆದು ನೋಡುವವರನ್ನು ಏಮಾರಿಸುವುದುಂಟು.

ಹಾಗಾದರೆ ನಿಜವಾದ ನಂಟನ್ನು ತಿಳಿಯುವುದು ಹೇಗೆ?

ಪರೀಕ್ಷೆಯಲ್ಲಿ ಇಬ್ಬರು ಹುಡುಗರ ಉತ್ತರದಲ್ಲಿ ಒಂದೇ ಕಾಗುಣಿತದ ತಪ್ಪುಗಳು ಸಾಲಾಗಿ ಕಂಡರೆ ಮೇಷ್ಟ್ರು ಏನೆನ್ನುತ್ತಾರೆ? ಇಬ್ಬರೂ ಒಂದೇ ನೋಟ್ ಬುಕ್ಕಿನಿಂದ ಬರೆದುಕೊಂಡಿದ್ದಾರೆ ಎಂದು ತಾನೆ? ಡಿ.ಎನ್.ಎ. ಸಹ ನಾಲ್ಕಕ್ಷರದ ಬರಹ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ, ಬದಲಾದದ್ದು ಮುಂದಿನ ಪೀಳಿಗೆಗೂ ಹೋಗುತ್ತದೆ. ಒಂದೇ ಬದಲಾವಣೆಗಳನ್ನು ಹೆಚ್ಚಾಗಿ ಹಂಚಿಕೊಂಡ ಜೀವಿಗಳು ಹತ್ತಿರದ ನಂಟರು.

ಅಮೆರಿಕದ ಬೋಗನ್ ಮತ್ತು ಹೋ ಎಂಬ ವಿಜ್ಞಾನಿಗಳು ಜೀವಕೋಶದ ಮೈಟೋಕಾಂಡ್ರಿಯಾದಲ್ಲಿರುವ 'ಸಿ.ಓ.ಐ.' ಎಂಬ ವಂಶವಾಹಿಯನ್ನು ಓದಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮಲೆನಾಡಿನ ಈ ಜೀವಿ ದೂರದೇಶದ ಅಂಟುಚಿಪ್ಪುಗಳ ನಂಟನಲ್ಲ. ಅದು ನಮ್ಮ ಕೆರೆ ಹೊಳೆಗಳ ಸಾಧಾರಣ ಕಪ್ಪೆಚಿಪ್ಪು ಸೇರಿರುವ 'ಯೂನಿಯಾನಿಡೀ' ಕುಟುಂಬದ್ದು! ಬಂಡೆಗೆ ಅಂಟುವ ವಿದ್ಯೆಯನ್ನು ಅದು ಬೇರೆಯಾಗಿ, ತಾನೇ ಕಲಿತಿತ್ತು.

ಹಾಗೆಂದು ಸ್ಮಿತ್ ಅವರದು ಅಜ್ಞಾನವಲ್ಲ. ಇಂದಿಗೂ ಹೊಳೆದಂಡೆಯಲ್ಲಿ ಮೊದಲ ಗುರುತು ಚಿಪ್ಪೇ. ಅದರ ಆಕಾರ ಬಾಳಿದ ಬಗೆಯನ್ನು ಹೇಳುತ್ತದೆ, ವಂಶವಾಹಿ ಬಂದ ಬಗೆಯನ್ನು ಹೇಳುತ್ತದೆ. ವರ್ಗೀಕರಣಕ್ಕೆ ಎರಡೂ ಸಾಕ್ಷಿಗಳು ಬೇಕು.

ಇದು ಬರೀ ಹೆಸರಿನ ಜಗಳವೂ ಅಲ್ಲ. ಪಶ್ಚಿಮಘಟ್ಟದ ನದಿಗಳಲ್ಲಷ್ಟೇ ಇರುವ ಈ ಜೀವಿಯನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಬಂಡೆಗೆ ಅಂಟಿದ ಜೀವ ನೀರು ಕೆಟ್ಟರೆ, ಹೂಳು ಮುಚ್ಚಿದರೆ ಎದ್ದು ಹೋಗಲಾರದು. ಈ ಕುಟುಂಬದ ಬಹುಪಾಲು ಮರಿಗಳು ಮೀನಿನ ಕಿವಿರಿಗೆ ಅಂಟಿ ಬೆಳೆಯುವುದರಿಂದ ಮೀನೂ ಉಳಿಯಬೇಕು. ಇದು ಇಲ್ಲಿ ಅಳಿದರೆ ಕೊಲಂಬಿಯಾದಲ್ಲೋ ಕಾಂಗೋದಲ್ಲೋ ಇದರ ಒಡಹುಟ್ಟು ಸಿಕ್ಕೀತೆಂಬ ಸಮಾಧಾನವೂ ಈಗಿಲ್ಲ.

ರಜೆಯಲ್ಲಿ ಹೊಳೆಗೆ ಹೋದ ಮಕ್ಕಳು ಖಾಲಿ ಚಿಪ್ಪು ಸಿಕ್ಕರೆ ಜಾಗ, ದಿನಾಂಕ ಬರೆದಿಡಲಿ. ಬಂಡೆಯ ಮೇಲೆ ಜೀವಂತ ಚಿಪ್ಪು ಕಂಡರೆ ಕೀಳದೆ, ನೋಡಿ ಬರಲಿ. ಅದು ನಮ್ಮ ಮಲೆನಾಡಿನದೇ ಜೀವ.