ಭಿತ್ತಿಪತ್ರಿಕೆಯ ವ್ಯಂಗ್ಯಚಿತ್ರ

ಪುತ್ತೂರು, ಸುಳ್ಯ, ಕಡಬಗಳ ಕಡೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೆಂದರೆ ಬಹುಮಟ್ಟಿಗೆ ಎರಡೇ ಬಗೆ: ವರ್ಷಕ್ಕೊಮ್ಮೆ ಅಚ್ಚಾಗುವ ವಾರ್ಷಿಕ ಸಂಚಿಕೆ ಒಂದು, ಗೋಡೆಯ ಹಲಗೆಗೆ ಅಂಟಿಸುವ ಭಿತ್ತಿಪತ್ರಿಕೆ ಇನ್ನೊಂದು. ಮೊದಲನೆಯದು ಅಧ್ಯಾಪಕರ ಕಣ್ಣಿನಡಿ ಹಾದುಬರುತ್ತದೆ. ಎರಡನೆಯದರಲ್ಲಿ ಸಲಿಗೆ ಹೆಚ್ಚು. ಆ ಹಲಗೆಗೆಂದು ವಿದ್ಯಾರ್ಥಿಯೊಬ್ಬ ಯಾವುದೋ ಮತದವರು ಪೂಜ್ಯರೆಂದು ಭಾವಿಸುವವರನ್ನು ಹಾಸ್ಯಮಾಡಿ ಚಿತ್ರ ಬರೆದು ತಂದನೆನ್ನಿ. ಅದನ್ನು ಹಾಕಬಹುದೇ? ಬೇಡವೆನ್ನುವವರು ಯಾರು?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ದಿನಪತ್ರಿಕೆ ‘ಡೈಲಿ ಇಲೈನಿ’ಗೆ 2006ರ ಫೆಬ್ರವರಿಯಲ್ಲಿ ಈ ಪ್ರಶ್ನೆ ಎದುರಾಯಿತು. ಡೆನ್ಮಾರ್ಕಿನ ಪತ್ರಿಕೆಯೊಂದು 2005ರ ಸೆಪ್ಟೆಂಬರ್ 30ರಂದು ಪ್ರವಾದಿ ಮುಹಮ್ಮದರನ್ನು ಕುರಿತು ಪ್ರಕಟಿಸಿದ್ದ 12 ವ್ಯಂಗ್ಯಚಿತ್ರಗಳಲ್ಲಿ 6ನ್ನು ಅದು ಮರುಮುದ್ರಿಸಿತು. ವಿದ್ಯಾರ್ಥಿ ಸಂಪಾದಕನನ್ನು ಮೊದಲು ಅಮಾನತಿನಲ್ಲಿಟ್ಟು, ಅನಂತರ ತೆಗೆದೇ ಹಾಕಿದರು. ಕೊಟ್ಟ ಕಾರಣ ಗಮನಾರ್ಹವಾದುದು: ಚಿತ್ರ ಹಾಕಿದ್ದಕ್ಕಲ್ಲ, ಸಹೋದ್ಯೋಗಿಗಳೊಡನೆ ಸಮಾಲೋಚಿಸದೆ ಹಾಕಿದ್ದಕ್ಕೆ. ಅದು ನೆಪವೆಂದವರೂ ಉಂಟು. ನೆಪವೇ ಆಗಿರಲಿ, ಅದರೊಳಗೆ ಒಂದು ತಿರುಳಿದೆಯೆಂದು ನನಗೆ ತೋರುತ್ತದೆ.

ದೂರದ ಮಾತೇಕೆ, ನಮ್ಮಲ್ಲಿಯೇ 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ತನ್ನ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದವಾದ ಸಣ್ಣಕತೆಯೊಂದನ್ನು ಪ್ರಕಟಿಸಿತು. ಕತೆಯ ನಾಯಕ ಒಬ್ಬ ಬಡ ಮಂದಬುದ್ಧಿಯವನು. ಅವನ ಹೆಸರೂ ಅವನಿಗಂಟಿದ ವಿಶೇಷಣವೂ ಸೇರಿ ಶೀರ್ಷಿಕೆಯಾಗಿತ್ತು. ಆ ಶೀರ್ಷಿಕೆಯೇ ಪ್ರವಾದಿಯ ನಿಂದೆಯೆಂದು ತೋರಿ ಗಲಭೆಯೆದ್ದಿತು; ಹತ್ತಕ್ಕೂ ಹೆಚ್ಚು ಜನರು ಸತ್ತರು. ಪತ್ರಿಕೆ ಕ್ಷಮೆ ಕೇಳಿತು. ಕತೆಯನ್ನು ಓದದೆಯೇ ಕೆರಳಿದವರು ಎಷ್ಟು ಮಂದಿಯೋ! ಆದರೂ ಅಚ್ಚಿಗೆ ಹೋಗುವ ಮುನ್ನ ಆ ಶೀರ್ಷಿಕೆಯನ್ನು ಅದು ತಟ್ಟಬಹುದಾದ ಒಬ್ಬ ಓದುಗನಿಗೆ ತೋರಿಸಿದ್ದರೆ ಸಾಕಾಗುತ್ತಿತ್ತು.

ನಮ್ಮ ಕಾನೂನಿನಲ್ಲಿ ವಿದ್ಯಾರ್ಥಿಪತ್ರಿಕೆಗೆಂದು ಬೇರೆ ಅಧ್ಯಾಯವಿಲ್ಲ. ಸಂವಿಧಾನದ 19ನೆಯ ವಿಧಿ ವಾಕ್ ಸ್ವಾತಂತ್ರ್ಯಕ್ಕೆ ಹಾಕುವ ಎಲ್ಲೆಗಳಲ್ಲಿ ಸಾರ್ವಜನಿಕ ಸುವ್ಯವಸ್ಥೆಯುಂಟು, ಧಾರ್ಮಿಕ ಭಾವನೆಯೆಂಬ ಮಾತಿಲ್ಲ. ಆ ಮಾತಿರುವುದು 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮಿನಲ್ಲಿ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು. 1957ರಲ್ಲಿ ರಾಮ್‌ಜಿಲಾಲ್ ಮೋದಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನು ಎತ್ತಿಹಿಡಿಯಿತು. (ಆ ಪ್ರಕರಣದ ಹಿನ್ನೆಲೆಯಲ್ಲಿದ್ದುದು ಕತ್ತೆಯನ್ನು ಕುರಿತ ‘ಲೇಖನ ಅಥವಾ ವ್ಯಂಗ್ಯಚಿತ್ರ’, ಯಾವುದೆಂದು ತೀರ್ಪೂ ಬಿಡಿಸಿ ಹೇಳಿಲ್ಲ!) ಆದರೆ ಅರಿಯದೆಯೋ ಅಜಾಗರೂಕತೆಯಿಂದಲೋ, ದುರುದ್ದೇಶವಿಲ್ಲದೆ ಆಡಿದ ಮಾತು ಈ ಕಲಮಿಗೆ ಸಿಲುಕದೆಂದೂ ಅದೇ ತೀರ್ಪು ಹೇಳಿತು. ಗಲಭೆಯ ಬೆದರಿಕೆಯೊಂದೇ ಅಭಿವ್ಯಕ್ತಿಯನ್ನು ಅಡಗಿಸಲು ಸಾಲದೆಂದು 1989ರಲ್ಲಿ ರಂಗರಾಜನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ನುಡಿಯಿತು. ಆದುದರಿಂದ, ಯಾರೋ ಬಂದು ಕೂಗಾಡಿದರೆಂದು ಹುಡುಗನನ್ನು ಕಾಲೇಜಿನಿಂದ ಹೊರಗಟ್ಟುವುದನ್ನು ನಾನು ಒಪ್ಪಲಾರೆ.

ಹಾಗೆಂದು ಚಿತ್ರ ಬರೆದವನ ಇಷ್ಟವೇ ಕೊನೆಯ ಮಾತೂ ಅಲ್ಲ. ದೇವರನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುವುದು ನಮ್ಮ ಸೀಮೆಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಝಾಡಿಸುವುದನ್ನು ಭಕ್ತರೇ ಕಿವಿಗೊಟ್ಟು ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಆ ಮಾತಿನ ಹರಿತ ಗೊತ್ತು. ಅದು ಸಹ್ಯವಾಗುವುದು ಎರಡು ಕಾರಣಗಳಿಂದ: ರಾಮ ಅಲ್ಲಿಯೇ ಎದುರು ಕುಳಿತು ಅದೇ ರಾತ್ರಿ ಉತ್ತರ ಕೊಡುತ್ತಾನೆ, ನಿಂದಿಸುವವನಿಗೂ ಕೇಳುವವನಿಗೂ ಆ ರಾಮ ತಮ್ಮವನೇ. ವ್ಯಂಗ್ಯಚಿತ್ರದಲ್ಲಿ ಎದುರು ಅರ್ಥಧಾರಿಯಿಲ್ಲ. ಅನ್ಯರ ಪೂಜ್ಯರನ್ನು ಬರೆದಾಗ ಎರಡನೆಯ ಕಾರಣವೂ ಇಲ್ಲವಾಗುತ್ತದೆ.

ಇದನ್ನು ಕತ್ತರಿಯಿಂದ ಸರಿಪಡಿಸಲಾಗದು. ಬೆಳಗ್ಗೆ ಪುತ್ತೂರಿನ ಹಲಗೆಯಿಂದ ಕಿತ್ತ ಚಿತ್ರ ಮಧ್ಯಾಹ್ನದೊಳಗೆ ಮೊಬೈಲಿನಲ್ಲಿ ಸುಳ್ಯವನ್ನೂ ಕಡಬವನ್ನೂ ಮುಟ್ಟಿರುತ್ತದೆ. ಸಂಪಾದಕ ಮಂಡಳಿಯಲ್ಲಿ ಎಲ್ಲ ಮತದ ಹುಡುಗ ಹುಡುಗಿಯರೂ ಇರಲಿ. ಚಿತ್ರವನ್ನು ನೋವಾಗಬಹುದಾದವರಿಗೆ ಮೊದಲು ತೋರಿಸಲಿ, ಅಪ್ಪಣೆಗಲ್ಲ, ಅಭಿಪ್ರಾಯಕ್ಕೆ. ತೀರ್ಮಾನ ಮಂಡಳಿಯದೇ. ಹಾಕುವುದೆಂದಾದರೆ ಅಂದೇ, ಅದೇ ಹಲಗೆಯಲ್ಲಿ, ಅಷ್ಟೇ ಅಗಲದ ಜಾಗ ಉತ್ತರಕ್ಕಿರಲಿ. ವಾರ್ಷಿಕ ಸಂಚಿಕೆಯಲ್ಲಿ ಈ ಕ್ರಮ ನಡೆಯದು. ಉತ್ತರಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕು, ಅಷ್ಟರಲ್ಲಿ ಬರೆದವನು ಕಾಲೇಜನ್ನೇ ಬಿಟ್ಟಿರುತ್ತಾನೆ. ಅಲ್ಲಿ ಚಿತ್ರವೂ ಉತ್ತರವೂ ಒಂದೇ ಪುಟದಲ್ಲಿ ಅಚ್ಚಾಗಬೇಕು.