ಬಾಲಕ ಬಾಲಿಕೆಯರ ಸ್ನಾಯುಬಲ

ಹುಡುಗರಿಗೆ ಬಲ ಹೆಚ್ಚು, ಹುಡುಗಿಯರಿಗೆ ಕಡಿಮೆ ಎಂಬುದು ನಾವು ಪ್ರಶ್ನಿಸದೆ ಒಪ್ಪಿಕೊಂಡಿರುವ ಮಾತುಗಳಲ್ಲೊಂದು. ಶಾಲೆಯಲ್ಲಿ ಬೆಂಚುಗಳನ್ನು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಸಾಗಿಸಬೇಕಾದಾಗ ಉಪಾಧ್ಯಾಯರು ಹುಡುಗರನ್ನೇ ಕರೆಯುತ್ತಾರೆ. ಅದೇ ತರಗತಿಯ ಹುಡುಗಿಯೊಬ್ಬಳು ಬೆಳಗಾಗೆದ್ದು ಮನೆಗೆ ನಾಲ್ಕು ಕೊಡ ನೀರು ಹೊತ್ತು ತಂದು ಅನಂತರ ಶಾಲೆಗೆ ಬಂದಿರಬಹುದೆಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಷ್ಟು ಹೆಚ್ಚು, ಯಾವ ವಯಸ್ಸಿನಲ್ಲಿ, ದೇಹದ ಯಾವ ಭಾಗದಲ್ಲಿ ಎಂದು ಕೇಳಿದಾಗಲೇ ಅದು ವಿಜ್ಞಾನದ ವಿಷಯವಾಗುತ್ತದೆ.

ಮೊದಲು ಪದಗಳ ಗೊಂದಲವೊಂದನ್ನು ನಿವಾರಿಸಿಕೊಳ್ಳಬೇಕು. ಬಲ, ಶಕ್ತಿ, ತ್ರಾಣ ಎಂಬ ಮೂರು ಮಾತುಗಳನ್ನೂ ಆಡುಭಾಷೆಯಲ್ಲಿ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಸ್ನಾಯುವು ಒಮ್ಮೆಗೆ ಎಳೆಯಬಲ್ಲ ಎಳೆತವೇ ಬಲ. ಅದೇ ಕೆಲಸವನ್ನು ದಣಿಯದೆ ಎಷ್ಟು ಹೊತ್ತು ಮಾಡಬಲ್ಲದೆಂಬುದು ತ್ರಾಣ. ಇವೆರಡೂ ಬೇರೆ ಬೇರೆ. ಒಂದರಲ್ಲಿ ಮುಂದಿರುವವರು ಇನ್ನೊಂದರಲ್ಲಿಯೂ ಮುಂದಿರಬೇಕೆಂಬ ನಿಯಮವಿಲ್ಲ.

ಬಲವನ್ನು ಅಳೆಯುವ ಉಪಕರಣ ಇಂದು ನಿನ್ನೆಯದಲ್ಲ. ಫ್ರಾನ್ಸಿನ ಎಡ್ಮೆ ರೆನ್ಯೇ ಎಂಬಾತ ಉಕ್ಕಿನ ಅಂಡಾಕಾರದ ಸ್ಪ್ರಿಂಗಿನಿಂದ ತಾನು ರಚಿಸಿದ ಬಲಮಾಪಕವನ್ನು 1798ರಲ್ಲಿ ಲೋಕಕ್ಕೆ ಪರಿಚಯಿಸಿದನು. ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಮುಳ್ಳು ಸರಿದು ಬಲವನ್ನು ತೋರಿಸುತ್ತದೆ. ಬೆಲ್ಜಿಯಮ್ಮಿನ ಕೇತ್ಲೆ 1835ರ ತನ್ನ ಗ್ರಂಥದಲ್ಲಿ ಬಾಲ್ಯದಿಂದ ವೃದ್ಧಾಪ್ಯದವರೆಗಿನ ಗಂಡಸರ ಹಾಗೂ ಹೆಂಗಸರ ಬಲವನ್ನು ಕೋಷ್ಟಕಗಳಲ್ಲಿ ಕೊಟ್ಟನು. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ತೆರೆದ ಪ್ರಯೋಗಾಲಯಕ್ಕೆ ಮೂರು ಪೆನ್ಸ್ ತೆತ್ತು ಬಂದವರು 9,337 ಮಂದಿ! ಹಣ ಕೊಟ್ಟು ತಮ್ಮನ್ನು ಅಳೆಸಿಕೊಳ್ಳುವ ಕುತೂಹಲ ಮನುಷ್ಯನಿಗೆ ಸಹಜವೆಂದು ತೋರುತ್ತದೆ.

ಸ್ನಾಯು ಎಳೆಯುವ ಬಗೆಯನ್ನು ಈಗ ನೋಡೋಣ. ಸ್ನಾಯುವಿನ ಒಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಅತಿ ಸೂಕ್ಷ್ಮವಾದ ಎಳೆಗಳು ಒಂದರ ನಡುವೆ ಒಂದು ಹೆಣೆದುಕೊಂಡಿರುತ್ತವೆ. ಒಂದು ಬಗೆಯ ಎಳೆ ಇನ್ನೊಂದರ ಮೇಲೆ ಜಾರುವುದರಿಂದ ಸ್ನಾಯು ಸಂಕುಚಿಸುತ್ತದೆಂದು 1954ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದುವು. ಒಂದೊಂದು ಎಳೆಯ ಸೆಳೆತ ಅತ್ಯಲ್ಪ. ಆದರೆ ಅಕ್ಕಪಕ್ಕದಲ್ಲಿರುವ ಎಳೆಗಳ ಸೆಳೆತವೆಲ್ಲ ಕೂಡಿಕೊಳ್ಳುತ್ತದೆ. ತೇರಿನ ಮಿಣಿಯ ಬಲ ಅದರ ಉದ್ದದಲ್ಲಿಲ್ಲ, ದಪ್ಪದಲ್ಲಿದೆ. ಸ್ನಾಯುವಿನ ಬಲವೂ ಹಾಗೆಯೇ ಅದರ ಅಡ್ಡಛೇದದ ವಿಸ್ತೀರ್ಣವನ್ನು ಅವಲಂಬಿಸಿದೆ.

ಅಂಗೈಯಲ್ಲಿ ನಮಗೆ ದೊರೆಯುವುದು ಈ ಬಲದ ಒಂದು ಅಂಶ ಮಾತ್ರ. ಮುಂದೋಳು ಒಂದು ಸನ್ನೆ. ಮೊಣಕೈಯೇ ಅದರ ಆಧಾರಬಿಂದು. ಮೇಲುತೋಳಿನ ಸ್ನಾಯು ಆ ಬಿಂದುವಿನಿಂದ 5 ಸೆಂಟಿಮೀಟರು ದೂರದಲ್ಲಿ ಅಂಟಿಕೊಂಡಿದ್ದು, ಅಂಗೈ 35 ಸೆಂಟಿಮೀಟರು ದೂರದಲ್ಲಿದೆಯೆಂದುಕೊಳ್ಳಿ. ಆಗ ಅಂಗೈಯಲ್ಲಿ 4 ಕಿಲೋಗ್ರಾಂ ತೂಕವನ್ನು ಹಿಡಿದಿರಲು ಸ್ನಾಯು 28 ಕಿಲೋಗ್ರಾಂ ತೂಕದಷ್ಟು ಎಳೆಯಬೇಕಾಗುತ್ತದೆ.

ಹುಡುಗನ ಸ್ನಾಯುವಿಗೂ ಹುಡುಗಿಯ ಸ್ನಾಯುವಿಗೂ ಗುಣದಲ್ಲಿ ವ್ಯತ್ಯಾಸವಿದೆಯೆ? ಇದೇ ಮುಖ್ಯ ಪ್ರಶ್ನೆ. ಜಪಾನಿನ ಇಕಾಯಿ ಮತ್ತು ಫುಕುನಾಗಾ ಎಂಬ ವಿಜ್ಞಾನಿಗಳು ಶ್ರವಣಾತೀತ ಧ್ವನಿಯ ನೆರವಿನಿಂದ ಸ್ನಾಯುವಿನ ಅಡ್ಡಛೇದವನ್ನು ಚರ್ಮದ ಹೊರಗಿನಿಂದಲೇ ಅಳೆದು, ಸನ್ನೆಯ ಲೆಕ್ಕವನ್ನೂ ಸೇರಿಸಿ, 1968ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಚದರ ಸೆಂಟಿಮೀಟರಿಗೆ ಸುಮಾರು 6.3 ಕಿಲೋಗ್ರಾಂ. ಬಾಲಕರಲ್ಲಿ, ಬಾಲಿಕೆಯರಲ್ಲಿ, ವಯಸ್ಕರಲ್ಲಿ, ಎಲ್ಲರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ! ಪ್ರಕೃತಿ ಇಬ್ಬರಿಗೂ ಒಂದೇ ನೂಲನ್ನು ಕೊಟ್ಟಿದೆ. ವ್ಯತ್ಯಾಸವಿರುವುದು ನೂಲಿನ ಮೊತ್ತದಲ್ಲಿ.

ಆ ಮೊತ್ತವಾದರೂ ಬಾಲ್ಯದಲ್ಲಿ ಹೆಚ್ಚು ಬೇರೆಯಾಗಿರುವುದಿಲ್ಲ. ಯೂರೋಪಿನ ಶಾಲಾಮಕ್ಕಳ ಮುಷ್ಟಿಬಲವನ್ನು ಸ್ಥೂಲವಾಗಿ ಹೇಳುವುದಾದರೆ, ಹತ್ತನೆಯ ವಯಸ್ಸಿನಲ್ಲಿ ಬಾಲಕರ ಸರಾಸರಿ ಸುಮಾರು 17 ಕಿಲೋಗ್ರಾಂ, ಬಾಲಿಕೆಯರದು ಸುಮಾರು 15. ಈ ಅಂತರ ಎಷ್ಟು ಕಿರಿದೆಂದರೆ ಅನೇಕ ಬಾಲಿಕೆಯರು ಅನೇಕ ಬಾಲಕರಿಗಿಂತ ಬಲಶಾಲಿಗಳಾಗಿರುತ್ತಾರೆ. ಹನ್ನೊಂದು ಹನ್ನೆರಡರ ಹೊತ್ತಿಗಂತೂ ಹುಡುಗಿಯರು ಎತ್ತರದಲ್ಲಿಯೂ ತೂಕದಲ್ಲಿಯೂ ಹುಡುಗರನ್ನು ಮೀರಿಸುವುದುಂಟು. ಬೆಳವಣಿಗೆಯ ಜಿಗಿತ ಅವರಿಗೆ ಸುಮಾರು ಎರಡು ವರ್ಷ ಮುಂಚೆಯೇ ಬರುತ್ತದೆ. ಹದಿಮೂರು ಹದಿನಾಲ್ಕು ದಾಟಿದ ಮೇಲೆ ದಾರಿಗಳು ಕವಲೊಡೆಯುತ್ತವೆ. ಹದಿನೇಳರಲ್ಲಿ ಬಾಲಕರದು ಸುಮಾರು 43, ಬಾಲಿಕೆಯರದು ಸುಮಾರು 27.

ಎತ್ತರ ಹೆಚ್ಚಿದುದೇ ಇದಕ್ಕೆ ಕಾರಣವಿರಬಹುದೆ? ಲೆಕ್ಕ ಹಾಕಿ ನೋಡೋಣ. ಗೆಲಿಲಿಯೊ 1638ರಲ್ಲಿಯೇ ವಿವರಿಸಿದಂತೆ, ವಸ್ತುವೊಂದು ತನ್ನ ಆಕಾರವನ್ನು ಉಳಿಸಿಕೊಂಡು ದೊಡ್ಡದಾದರೆ ಅದರ ಅಡ್ಡಛೇದ ಉದ್ದದ ವರ್ಗದಂತೆಯೂ ತೂಕ ಉದ್ದದ ಘನದಂತೆಯೂ ಹೆಚ್ಚುತ್ತವೆ. 138 ಸೆಂಟಿಮೀಟರಿದ್ದ ಬಾಲಕ 176ಕ್ಕೆ ಬೆಳೆದರೆ ಅಡ್ಡಛೇದ 1.63 ಪಟ್ಟಾಗುತ್ತದೆ. ಅಂದರೆ 17 ಕಿಲೋಗ್ರಾಂ ಬಲ 28ರ ಸುಮಾರಿಗೆ ಏರಿ ನಿಲ್ಲಬೇಕಾಗಿತ್ತು. ನಿಜವಾಗಿ ಏರಿದ್ದು 43ಕ್ಕೆ. ಅಷ್ಟೇ ಎತ್ತರವಿದ್ದ ಬಾಲಿಕೆ 164ಕ್ಕೆ ಬೆಳೆದರೆ 15 ಎಂಬುದು 21 ಆಗಬೇಕಾಗಿತ್ತು, ಆದದ್ದು 27. ಇಬ್ಬರೂ ರೇಖಾಗಣಿತದ ಮಿತಿಯನ್ನು ಮೀರಿದ್ದಾರೆ. ಬಾಲಕ ಬಹಳವಾಗಿ ಮೀರಿದ್ದಾನೆ.

ಆ ಹೆಚ್ಚುವರಿಯ ಬಹುಭಾಗಕ್ಕೆ ಕಾರಣ ಟೆಸ್ಟೋಸ್ಟೆರೋನ್ ಎಂಬ ಚೋದಕ. ಹರೆಯದಲ್ಲಿ ಬಾಲಕನ ವೃಷಣಗಳು ಇದನ್ನು ಹೇರಳವಾಗಿ ಸ್ರವಿಸತೊಡಗುತ್ತವೆ. ವಯಸ್ಕ ಪುರುಷನ ರಕ್ತದಲ್ಲಿ ಅದರ ಪ್ರಮಾಣ ಸ್ತ್ರೀಯ ರಕ್ತದಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿರುತ್ತದೆ. ಸ್ನಾಯುತಂತುಗಳ ಸಂಖ್ಯೆ ಹೆಚ್ಚಾಗಿ ಹುಟ್ಟಿನೊಡನೆಯೇ ನಿರ್ಧಾರವಾಗಿರುತ್ತದೆ. ಚೋದಕವು ಒಂದೊಂದು ತಂತುವನ್ನೂ ದಪ್ಪಗೊಳಿಸುತ್ತದೆ. ಈ ಪರಿಣಾಮ ಭುಜ, ಎದೆ, ತೋಳುಗಳಲ್ಲಿ ವಿಶೇಷವಾಗಿ ಕಾಣುತ್ತದೆ. ಆದುದರಿಂದಲೇ ವಯಸ್ಕ ಸ್ತ್ರೀಯ ತೋಳಿನ ಬಲ ಪುರುಷನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇದ್ದರೆ, ಕಾಲಿನ ಬಲ ಮೂರರಲ್ಲಿ ಎರಡು ಪಾಲಿನಷ್ಟಿರುತ್ತದೆ. ತೋಳುಗಳನ್ನು ಮಾತ್ರ ಪರೀಕ್ಷಿಸಿ ಇಡೀ ದೇಹದ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

ಸರಾಸರಿಯೆಂಬುದು ಯಾರೊಬ್ಬರ ಹೆಸರೂ ಅಲ್ಲ. ಮಣಿಪುರದ ಮೀರಾಬಾಯಿ ಚಾನು 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ, 49 ಕಿಲೋಗ್ರಾಂ ದೇಹತೂಕದ ವಿಭಾಗದಲ್ಲಿ, 115 ಕಿಲೋಗ್ರಾಂ ಭಾರವನ್ನು ತಲೆಯ ಮೇಲಕ್ಕೆ ಎತ್ತಿದರು. ನಮ್ಮ ಕಾಲೇಜುಗಳ ಗಂಡುಮಕ್ಕಳಲ್ಲಿ ಅದನ್ನು ಮೊಣಕಾಲಿನ ಮಟ್ಟಕ್ಕೆ ತರಬಲ್ಲವರನ್ನೇ ಹುಡುಕಬೇಕಾದೀತು! ತಕ್ಕ ವ್ಯಾಯಾಮ ಮಾಡಿಸಿದರೆ, ಮೊದಲಿದ್ದ ಬಲಕ್ಕೆ ಹೋಲಿಸಿದಾಗ ಸ್ತ್ರೀಯರಲ್ಲಿ ಆಗುವ ಶೇಕಡಾವಾರು ವೃದ್ಧಿ ಪುರುಷರಲ್ಲಾಗುವಷ್ಟೇ ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಸ್ನಾಯು ಅಷ್ಟಾಗಿ ದಪ್ಪವಾಗದಿದ್ದರೂ ನರಗಳು ಹೆಚ್ಚು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಕಲಿಯುವುದರಿಂದ ಬಲ ಹೆಚ್ಚುತ್ತದೆ. ಅಭ್ಯಾಸದ ಮಹತ್ತ್ವವನ್ನು ತಿಳಿಯಬೇಕಾದರೆ ಬಲಗೈಯ ಹುಡುಗನೊಬ್ಬನಿಗೆ ಎಡಗೈಯಿಂದ ಚೆಂಡೆಸೆಯಲು ಹೇಳಿ ನೋಡಿ.

ಇನ್ನು ತ್ರಾಣದ ವಿಷಯ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರು 800 ಮೀಟರು ಓಡಿದಾಗ ಹಲವರು ಕುಸಿದುಬಿದ್ದರೆಂದು ಪತ್ರಿಕೆಗಳು ಬರೆದುವು. ವಾಸ್ತವವಾಗಿ ಅಂತಿಮ ಓಟದ ಒಂಬತ್ತು ಮಂದಿಯೂ ಗುರಿ ಮುಟ್ಟಿದ್ದರು. ಆದರೂ ಆ ಸ್ಪರ್ಧೆಯನ್ನು ಕೈಬಿಡಲಾಯಿತು. ಮತ್ತೆ ಸೇರಿಸಿದ್ದು 1960ರಲ್ಲಿ, ರೋಮಿನಲ್ಲಿ. ಪ್ರಯೋಗಶಾಲೆಯಲ್ಲಿ ಕಂಡುಬರುವುದು ಬೇರೆಯೇ: ತಂತಮ್ಮ ಗರಿಷ್ಠ ಬಲದ ಒಂದೇ ಅಂಶದಷ್ಟು ಹೊರೆಯನ್ನು ಅಲುಗದೆ ಹಿಡಿದಿರುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸ್ತ್ರೀಯರೇ ಹೆಚ್ಚು ಹೊತ್ತು ತಾಳುತ್ತಾರೆ.

ನಮ್ಮ ದೇಶದಲ್ಲಿ ಈ ತ್ರಾಣವನ್ನು ಕುಗ್ಗಿಸುತ್ತಿರುವುದು ಸ್ತ್ರೀತ್ವವಲ್ಲ, ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59ರಷ್ಟು ಮಂದಿ ರಕ್ತಹೀನರು. ಹುಡುಗರಲ್ಲಿ ಶೇಕಡ 31. ರಕ್ತದಲ್ಲಿ ಹಿಮೋಗ್ಲೋಬಿನ್ ತಗ್ಗಿದರೆ ಸ್ನಾಯುವಿಗೆ ಆಮ್ಲಜನಕ ಸಾಲದಾಗಿ, ಮಹಡಿಯ ಮೆಟ್ಟಿಲೇರುವುದರೊಳಗೆ ಏದುಸಿರು ಬರುತ್ತದೆ. ತಿಂಗಳು ತಿಂಗಳು ನಷ್ಟವಾಗುವ ಕಬ್ಬಿಣವನ್ನು ಸೊಪ್ಪು, ಕಾಳು, ಮಾಂಸಗಳಿಂದಲೋ ಮಾತ್ರೆಗಳಿಂದಲೋ ತುಂಬಿಕೊಡಬೇಕು. ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ಹುಡುಗಿ ಬೇಗ ದಣಿದರೆ ಅದಕ್ಕೆ ಅವಳ ಸ್ನಾಯುಗಳನ್ನು ದೂರುವುದು ವಿಚಿತ್ರವಾದ ತರ್ಕ.

ಬಲಮಾಪಕ ದೊರೆಯದ ಶಾಲೆಯಲ್ಲಿಯೂ ಈ ಅಳತೆಗಳನ್ನು ಒಂದು ಮಟ್ಟಿಗೆ ಮಾಡಬಹುದು. ಮನುಷ್ಯರು ಹತ್ತಿ ನಿಲ್ಲುವ, ಮುಳ್ಳಿರುವ ಚಿಕ್ಕ ತೂಕದ ಯಂತ್ರವನ್ನು ಎದೆಯ ಮುಂದೆ ಎರಡು ಅಂಗೈಗಳ ನಡುವೆ ಹಿಡಿದು ಒತ್ತಿ. ಮುಳ್ಳು ಎಲ್ಲಿಯವರೆಗೆ ಹೋಯಿತೆಂದು ಗೆಳೆಯರೊಬ್ಬರು ನೋಡಲಿ. ನಡುವೆ ಒಂದೊಂದು ನಿಮಿಷ ವಿಶ್ರಮಿಸಿ ಮೂರು ಸಲ ಒತ್ತಿ, ಅತ್ಯಧಿಕವಾದುದನ್ನು ಬರೆದಿಟ್ಟುಕೊಳ್ಳಿ. ಐದನೆಯ ತರಗತಿಯಿಂದ ಹತ್ತನೆಯದರವರೆಗೆ, ತರಗತಿಗೆ ಇಪ್ಪತ್ತು ಹುಡುಗರು ಮತ್ತು ಇಪ್ಪತ್ತು ಹುಡುಗಿಯರಾದರೂ ಇರಲಿ. ಪ್ರತಿಯೊಬ್ಬರ ಬಲವನ್ನೂ ಮೀಟರಿನಲ್ಲಿ ಅಳೆದ ಅವರ ಎತ್ತರದ ವರ್ಗದಿಂದ ಭಾಗಿಸಿ, ವಯಸ್ಸಿಗೆ ಎದುರಾಗಿ ನಕ್ಷೆಯ ಕಾಗದದ ಮೇಲೆ ಎರಡು ಬಣ್ಣದ ಚುಕ್ಕೆಗಳಲ್ಲಿ ಗುರುತಿಸಿ. ಸರಾಸರಿಯ ಗೆರೆಯನ್ನು ಎಳೆಯಲು ಅವಸರಪಡಬೇಡಿ. ಮೊದಲು ಚುಕ್ಕೆಗಳನ್ನೇ ಚೆನ್ನಾಗಿ ನೋಡಿ.