ಮೈಸೂರು ರಸ್ತೆಯ ಮಗ್ಗುಲಲ್ಲಿ ನಮಕ–ಚಮಕ

ಕಾರ್ತಿಕ ಸೋಮವಾರ ಹತ್ತಿರ ಬಂತೆಂದರೆ ರುದ್ರ ಹೇಳುವ ಮಂಡಳಿಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ರುದ್ರ 11 ಸಲ ಆದರೆ ಏಕಾದಶ ರುದ್ರ. ಅದರ ಹನ್ನೊಂದು ಪಟ್ಟು, ಅಂದರೆ 121 ಆದರೆ ಲಘುರುದ್ರ. ಮತ್ತೆ ಹನ್ನೊಂದರಿಂದ ಗುಣಿಸಿದರೆ 1,331, ಮಹಾರುದ್ರ. ಇನ್ನೊಮ್ಮೆ ಗುಣಿಸಿದರೆ 14,641, ಅದು ಅತಿರುದ್ರ. 121 ಜನ ಒಟ್ಟಿಗೆ ಕೂತು ಹನ್ನೊಂದು ಸಲ ಹೇಳಿದರೆ ಒಂದೇ ದಿನದಲ್ಲಿ ಮಹಾರುದ್ರ ಮುಗಿದುಹೋಗುತ್ತದೆ. ಪೆಂಡಾಲು, ಪ್ರಸಾದಕ್ಕೆ ದಾನಿಗಳು ಹೇಗೋ ಸಿಕ್ಕಾರು; ಸ್ವರ ತಪ್ಪದೆ ಹೇಳಬಲ್ಲ 121 ಬಾಯಿಗಳನ್ನು ಹೊಂದಿಸುವುದೇ ಕಷ್ಟ.

ಆ ಬಾಯಿಗಳು ತಯಾರಾಗುವ ಜಾಗಗಳನ್ನು ಹುಡುಕಿ ಹೊರಟವರು ಬೆಂಗಳೂರಿನ ನಾಯಂಡಹಳ್ಳಿಯಲ್ಲಿ ನಿಂತು ಸುತ್ತ ಕಣ್ಣು ಹಾಯಿಸಬಹುದು. ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಕೂಡುವ ತಾಣ ಇದು. ಮೇಲೆ 2021ರ ಆಗಸ್ಟಿನಲ್ಲಿ ಕೆಂಗೇರಿವರೆಗೆ ಓಡತೊಡಗಿದ ನೇರಳೆ ಮಾರ್ಗದ ಮೆಟ್ರೊ, ಪಕ್ಕದಲ್ಲಿ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ಈ ನದಿಯ ನೀರಿನಲ್ಲಿ ಇವತ್ತು ಆಚಮನ ಮಾಡುವ ಧೈರ್ಯ ಯಾರಿಗೂ ಇಲ್ಲ. ಸಂಧ್ಯಾವಂದನೆ ಮಾಡುವವರೆಲ್ಲ ಮನೆಯ ಪಂಚಪಾತ್ರೆಗೇ ಶರಣು. ಕೆಂಗೇರಿಯ ಕಡೆ ಹೊರಳಿದರೆ ತಿರುಚ್ಚಿ ಸ್ವಾಮಿಗಳ ಕೈಲಾಸಾಶ್ರಮ, ಅಲ್ಲೇ ಬಡಾವಣೆಗೆ ಹೆಸರು ಕೊಟ್ಟ ರಾಜರಾಜೇಶ್ವರಿ. ಗಿರಿನಗರದಲ್ಲಿ ಸಂಸ್ಕೃತ ಭಾರತಿಯ ಕೇಂದ್ರ ‘ಅಕ್ಷರಂ’. ಕತ್ರಿಗುಪ್ಪೆಯಲ್ಲಿ ಪೇಜಾವರದ ವಿಶ್ವೇಶತೀರ್ಥರು 1956ರಲ್ಲಿ ಆರಂಭಿಸಿದ ಪೂರ್ಣಪ್ರಜ್ಞ ವಿದ್ಯಾಪೀಠ. ಮಾಗಡಿ ರಸ್ತೆಯ ಚನ್ನೇನಹಳ್ಳಿಯಲ್ಲಿ ವೇದವಿಜ್ಞಾನ ಗುರುಕುಲ.

ನಗರದ ಕಡೆ ಹೋದರೆ ಬ್ಯಾಟರಾಯನಪುರದ ಗಾಳಿ ಆಂಜನೇಯ. ವ್ಯಾಸರಾಜರು ಪ್ರತಿಷ್ಠಾಪಿಸಿದ್ದೆಂಬುದು ನಂಬಿಕೆ. ಹನುಮಂತನನ್ನು ಬಲಕ್ಕೆ, ಧೈರ್ಯಕ್ಕೆ ನೆನೆಯುವವರೇ ಹೆಚ್ಚು. ಆದರೆ ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಮೊದಲು ಮೆಚ್ಚುವುದು ಅವನ ಮಾತನ್ನು. ಇಷ್ಟು ಹೊತ್ತು ಮಾತಾಡಿದರೂ ಒಂದು ಅಪಶಬ್ದವಿಲ್ಲ, ಅವಸರವಿಲ್ಲ, ಎಳೆತವಿಲ್ಲ, ಈತ ವೇದಗಳನ್ನೂ ವ್ಯಾಕರಣವನ್ನೂ ಕಲಿತಿರಲೇಬೇಕು ಎಂದು ಲಕ್ಷ್ಮಣನಿಗೆ ಹೇಳುತ್ತಾನೆ. ಮಂತ್ರ ಕಲಿಯುವವನಿಗೆ ಬೇಕಾದ ಗುಣಗಳ ಪಟ್ಟಿಯೂ ಇದೇ.

ಕಲಿಯುವ ಕ್ರಮಕ್ಕೆ ವೈದಿಕರು ‘ಸಂತೆ’ ಎನ್ನುತ್ತಾರೆ. ಗುರು ಒಂದು ಸಲ ಹೇಳುತ್ತಾರೆ, ಶಿಷ್ಯ ಎರಡು ಸಲ ಹೇಳುತ್ತಾನೆ. ಒಂದೆರಡು ಪದದಿಂದ ಶುರುವಾಗಿ ಅರ್ಧ ವಾಕ್ಯ, ಇಡೀ ವಾಕ್ಯ, ಆಮೇಲೆ ಅನುವಾಕ, ಅಂದರೆ ಮಂತ್ರಗಳ ಒಂದು ಗುಚ್ಛ. ಪುಸ್ತಕ ತೆರೆಯುವುದು ತಡವಾಗಿ. ತೆರೆದರೆ ಅಕ್ಷರದ ಕೆಳಗೆ ಅಡ್ಡಗೆರೆ, ಅದು ಅನುದಾತ್ತ, ದನಿ ಇಳಿಯಬೇಕು. ಮೇಲೆ ಒಂದು ನಿಲುಗೆರೆ, ಸ್ವರಿತ, ಏರಬೇಕು. ಎರಡು ನಿಲುಗೆರೆ ಇದ್ದರೆ ದೀರ್ಘಸ್ವರಿತ. ಯಾವ ಗುರುತೂ ಇಲ್ಲದ್ದು ಉದಾತ್ತ, ಸಮದನಿ. ಇಷ್ಟನ್ನು ಹೇಳುವುದು ಸುಲಭ. ಆದರೆ ಎಷ್ಟು ಇಳಿಯಬೇಕು, ಎಷ್ಟು ಏರಬೇಕು ಎಂಬುದನ್ನು ಯಾವ ಗೆರೆಯೂ ತಿಳಿಸುವುದಿಲ್ಲ. ಅದನ್ನು ಎದುರಿಗೆ ಕೂತವರ ಬಾಯಿಂದಲೇ ಪಡೆಯಬೇಕು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಉಚ್ಚಾರಣೆಯ ಆರು ಅಂಗಗಳನ್ನು ಹೆಸರಿಸುತ್ತದೆ: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ಅಲ್ಲಿ ಪಾಠ ಶುರುವಾಗುವುದೇ ಇದರಿಂದ. ಬ್ರಹ್ಮದ ವಿಚಾರ ಆಮೇಲೆ.

ಕನ್ನಡದ ನಾಲಗೆಗೆ ಇಲ್ಲಿ ಅದರದೇ ತೊಡಕುಗಳಿವೆ. ನಮಗೆ ಎ–ಏ, ಒ–ಓ ಎಂಬ ಜೋಡಿಗಳಿವೆ, ಸಂಸ್ಕೃತದಲ್ಲಿ ಎರಡೂ ದೀರ್ಘವೇ. ಹಾಗಾಗಿ ಗೋವಿಂದ ‘ಗೊವಿಂದ’ ಆಗುವುದು ನಮ್ಮಲ್ಲಿ ಮಾಮೂಲು. ಮಹಾಪ್ರಾಣ ಉಸಿರು ಬಿಟ್ಟುಕೊಡುತ್ತದೆ. ಶ, ಷ, ಸ ಮೂರೂ ಒಂದೇ ಆಗಿಬಿಡುತ್ತವೆ. ಹಳೇ ಮೈಸೂರಿನವರಿಗೆ ಹಕಾರವೇ ಹಾರಿಹೋಗುತ್ತದೆ. ಕೃಷ್ಣ ಯಜುರ್ವೇದದಲ್ಲಿ ಶ, ಷ, ಸ, ಹ, ರಗಳ ಹಿಂದೆ ಬರುವ ಅನುಸ್ವಾರವನ್ನು ‘ಗ್ಂ’ ಎಂದು ಹೇಳಬೇಕು. ಮೊದಲ ಸಲ ಕೇಳಿದ ಮಕ್ಕಳು ಕಿಸಕ್ಕನೆ ನಗುತ್ತಾರೆ, ದೊಡ್ಡವರು ನಗು ತಡೆದುಕೊಳ್ಳುತ್ತಾರೆ.

ಮಂಡಳಿಗಳಲ್ಲಿ ಹೆಚ್ಚಿನವರು ರುದ್ರ, ಪುರುಷಸೂಕ್ತ, ದುರ್ಗಾಸೂಕ್ತಗಳ ಹತ್ತಿರ ನಿಲ್ಲುತ್ತಾರೆ. ರುದ್ರವೆಂದರೆ ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಯ ನಾಲ್ಕನೆಯ ಕಾಂಡದ ಐದನೆಯ ಪ್ರಶ್ನ (ಅಧ್ಯಾಯ) ಆದ ನಮಕ ಮತ್ತು ಏಳನೆಯ ಪ್ರಶ್ನವಾದ ಚಮಕ, ಎರಡಕ್ಕೂ ಹನ್ನೊಂದು ಹನ್ನೊಂದು ಅನುವಾಕ. ಒಂದಾವರ್ತಿಗೆ ಅರ್ಧ ಗಂಟೆ ಸಾಕು. ಪಾಠಶಾಲೆಯ ವಿದ್ಯಾರ್ಥಿಗೆ ಇದು ಬಾಗಿಲು ಮಾತ್ರ. ಅವನ ಮುಂದಿರುವುದು ‘82 ಪನ್ನ’, ಅಂದರೆ 82 ಪ್ರಶ್ನ: ಸಂಹಿತೆಯ 44, ಬ್ರಾಹ್ಮಣದ 28, ಆರಣ್ಯಕದ 10. ಅಷ್ಟೂ ಬಾಯಿಗೆ ಬಂದರೆ ಮೂಲಾಂತ. ಅದರಾಚೆಗೆ ಪದಗಳನ್ನು ಬಿಡಿಸಿ, ಹೊಸೆದು ಹೇಳುವ ಪಾಠಗಳು: ಪದ, ಕ್ರಮ, ಜಟೆ, ಕೊನೆಗೆ ಘನ.

ಘನವನ್ನು ಕೇಳಿದವರು ಬೆರಗಾಗುತ್ತಾರೆ, ಅರ್ಥ ಮಾಡಿಕೊಂಡವರು ಕಡಿಮೆ. ಮಂತ್ರ ಬೇಡ, ನಾಯಂಡಹಳ್ಳಿಯದೇ ಒಂದು ಮಾತನ್ನು ತೆಗೆದುಕೊಳ್ಳೋಣ: ‘ಬಸ್ಸು ಕೆಂಗೇರಿಗೆ ಹೋಯಿತು’. ಇದರ ಘನ ಹೀಗೆ ನಡೆಯುತ್ತದೆ: ಬಸ್ಸು ಕೆಂಗೇರಿಗೆ, ಕೆಂಗೇರಿಗೆ ಬಸ್ಸು, ಬಸ್ಸು ಕೆಂಗೇರಿಗೆ ಹೋಯಿತು, ಹೋಯಿತು ಕೆಂಗೇರಿಗೆ ಬಸ್ಸು, ಬಸ್ಸು ಕೆಂಗೇರಿಗೆ ಹೋಯಿತು. ಮೂರು ಪದ ಹದಿಮೂರಾಯಿತು. ಆಮೇಲೆ ‘ಕೆಂಗೇರಿಗೆ’ಯಿಂದ ಹಿಡಿದು ಮುಂದಿನ ಮೂರು ಪದ. ಸಂಸ್ಕೃತದಲ್ಲಾದರೆ ಪದದ ಸ್ಥಾನ ಬದಲಾದಂತೆ ಸಂಧಿಯೂ ಸ್ವರವೂ ಬದಲಾಗುತ್ತವೆ, ಅದನ್ನೆಲ್ಲ ತಲೆಯಲ್ಲೇ ಲೆಕ್ಕ ಹಾಕುತ್ತ ಓಡಬೇಕು. ಒಂದು ಪದ ಜಾರಿದರೂ ಇಡೀ ಸರಪಳಿ ಅಲ್ಲೇ ತುಂಡಾಗುತ್ತದೆ. ಬರಹದ ಹಂಗಿಲ್ಲದೆ ಒಂದು ಪಠ್ಯವನ್ನು ಸಾವಿರಾರು ವರ್ಷ ಅಕ್ಷರ ಕೆಡದಂತೆ ಕಾಪಾಡಿದ ಉಪಾಯ ಇದು. ಯುನೆಸ್ಕೊ 2003ರಲ್ಲಿ ವೇದಪಠಣ ಪರಂಪರೆಯನ್ನು ಮನುಕುಲದ ಮೌಖಿಕ ಪರಂಪರೆಯ ಮೇರುಕೃತಿ ಎಂದು ಸಾರಿತು, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಆ ಗೌರವ ಸಲ್ಲಬೇಕಾದದ್ದು ಮುಖ್ಯವಾಗಿ ಈ ಹದಿಮೂರರ ಗಣಿತಕ್ಕೆ ಎಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಸರಿ, ಅರ್ಥದ ಗತಿಯೇನು? ಜಗಳ ಹಳೆಯದು. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ಕೌತ್ಸನೆಂಬ ಪ್ರಾಚೀನ ವಿದ್ವಾಂಸ ವಾದಿಸಿದ್ದನ್ನು ವೇದಪದಗಳ ಅರ್ಥ ಬಿಡಿಸುವ ಯಾಸ್ಕನ ನಿರುಕ್ತವೇ ದಾಖಲಿಸಿದೆ. ಯಾಸ್ಕ ಅದನ್ನು ಒಪ್ಪಲಿಲ್ಲ. ವೇದ ಓದಿ ಅರ್ಥ ತಿಳಿಯದವನು ಹೊರೆ ಹೊತ್ತ ಕಂಬ ಎಂಬ ಮಾತನ್ನೂ ಅಲ್ಲೇ ಎತ್ತಿ ಹೇಳಿದ. 1975ರಲ್ಲಿ ಕೇರಳದ ಪಾಂಜಾಳಿನಲ್ಲಿ ಅಗ್ನಿಚಯನವೆಂಬ ವೈದಿಕ ಯಾಗವನ್ನು ಚಿತ್ರೀಕರಿಸಿದ ಡಚ್ ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಮತ್ತೆ ಕೌತ್ಸನ ಪಕ್ಷಕ್ಕೇ ವಾಲಿದರು: ಮಂತ್ರ ಭಾಷೆಗಿಂತ ಹಕ್ಕಿಯ ಹಾಡಿಗೆ ಹತ್ತಿರ ಎಂದರು. ಕನ್ನಡಿಗರು ಮಾತ್ರ ಯಾಸ್ಕನ ಕಡೆಯವರು. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ 14ನೆಯ ಶತಮಾನದಲ್ಲಿ ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯರು ಮೊದಲು ಕೈಗೆತ್ತಿಕೊಂಡದ್ದು ಇದೇ ತೈತ್ತಿರೀಯ ಸಂಹಿತೆಯನ್ನು. ಅವರ ಋಗ್ವೇದ ಭಾಷ್ಯವನ್ನೇ ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಅಚ್ಚು ಹಾಕಿಸಿದ್ದು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಋಗ್ವೇದವನ್ನು ವಿವರಣೆಸಹಿತ ಕನ್ನಡಕ್ಕೆ ತರಿಸಿದರು. ನಮ್ಮ ಕಾಲದಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಬೆಂಗಳೂರಿಗೆ ಮರಳಿದ ಆರ್.ಎಲ್. ಕಶ್ಯಪ್ ನಾಲ್ಕು ವೇದಗಳನ್ನೂ ಇಂಗ್ಲಿಷಿಗೆ ತಂದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ವಿಜ್ಞಾನದ ಹೆಸರಿನಲ್ಲಿ ಓಡಾಡುವ ವಾಟ್ಸ್ಆ್ಯಪ್ ಸಂದೇಶಗಳನ್ನು ಪಕ್ಕಕ್ಕಿಡುವುದು ಲೇಸು. ನಮ್ಮದೇ ನಿಮ್ಹಾನ್ಸ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಓಂ ಎನ್ನುವಾಗ ಮಿದುಳಿನ ಭಾವಸಂಬಂಧಿ ಭಾಗಗಳ ಚಟುವಟಿಕೆ ತಗ್ಗಿತು, ಸುಮ್ಮನೆ ‘ಸ್ಸ್’ ಎಂದಾಗ ತಗ್ಗಲಿಲ್ಲ. ಕುತೂಹಲದ ಸಂಗತಿಯೇ. ಆದರೆ ಪಾಲ್ಗೊಂಡವರು 12 ಜನ, ಅದು ಪ್ರಾಥಮಿಕ ಪ್ರಯೋಗ. ಅದನ್ನು ಹಿಡಿದು ಮಂತ್ರದಿಂದ ಸಕಲ ರೋಗ ನಿವಾರಣೆ ಎನ್ನುವವರು ವಿಜ್ಞಾನಕ್ಕೂ ಮಂತ್ರಕ್ಕೂ ಅಪಚಾರ ಮಾಡುತ್ತಾರೆ.

ಯಾರು ಹೇಳಬಹುದು ಎಂಬ ಪ್ರಶ್ನೆಯನ್ನು ಜಾರಿಸುವಂತಿಲ್ಲ. ಸಾಂಪ್ರದಾಯಿಕ ಪಾಠಶಾಲೆಗಳಲ್ಲಿ ವೇದಪಾಠ ಇವತ್ತಿಗೂ ಉಪನಯನವಾದ ಹುಡುಗರಿಗೆ. ಆದರೆ ಆದಿಚುಂಚನಗಿರಿ ಮಠ ವೇದ–ಆಗಮ ಪಾಠಶಾಲೆ ನಡೆಸುತ್ತದೆ; ಸತ್ಯಸಾಯಿ ಸಂಸ್ಥೆಯವರು, ಆರ್ಟ್ ಆಫ್ ಲಿವಿಂಗ್‌ನವರು ಹೆಂಗಸರಿಗೂ ರುದ್ರ ಕಲಿಸುತ್ತಾರೆ. ಸಂಸ್ಕೃತದ ಏಕಸ್ವಾಮ್ಯವನ್ನು ಎಂಟು ಶತಮಾನಗಳ ಹಿಂದೆಯೇ ಪ್ರಶ್ನಿಸಿ ಕನ್ನಡದಲ್ಲಿ ಮಾತಾಡಿದ ಶರಣರು ಕೂಡ ನಮಕದ ಎಂಟನೆಯ ಅನುವಾಕದಲ್ಲಿರುವ ಪಂಚಾಕ್ಷರಿಯನ್ನು ಬಿಡಲಿಲ್ಲ, ಗಂಡು ಹೆಣ್ಣೆನ್ನದೆ ಎಲ್ಲರಿಗೂ ಕೊಟ್ಟರು. ಇನ್ನು ವಿಷ್ಣು ಸಹಸ್ರನಾಮ, ಲಲಿತಾ ಸಹಸ್ರನಾಮಗಳಿಗೆ ವೇದಸ್ವರದ ಕಟ್ಟಿಲ್ಲ, ಅಧಿಕಾರದ ತಕರಾರೂ ಇಲ್ಲ. ರಾಜಾಜಿನಗರದಿಂದ ಕೆಂಗೇರಿವರೆಗೆ ಇವುಗಳನ್ನು ವಾರ ತಪ್ಪದೆ ನಡೆಸಿಕೊಂಡು ಬರುತ್ತಿರುವುದು ಮಹಿಳಾ ಮಂಡಳಿಗಳು. 2017ರ ಅಕ್ಟೋಬರ್ 29ರಂದು ವೇದಾಂತ ಭಾರತಿ ಸಂಸ್ಥೆ ಬೆಂಗಳೂರಿನಲ್ಲಿ ನಡೆಸಿದ ಸೌಂದರ್ಯಲಹರಿ ಪಾರಾಯಣ, ಪ್ರಧಾನಿಯೂ ಬಂದಿದ್ದ ಸಮಾರಂಭ, ನಿಂತದ್ದು ಇಂಥ ಮಂಡಳಿಗಳ ಬಲದ ಮೇಲೆ. ಅಂಥ ಸಮೂಹಪಠಣದಿಂದ ಹುರುಪು ಬರುತ್ತದೆ, ನಿಜ. ತನ್ನ ತಪ್ಪು ತನಗೆ ಕೇಳಿಸುವುದು ಮಾತ್ರ ಹತ್ತು ಜನರ ನಡುವೆ ಕೂತಾಗಲೇ.

ಕಲಿಯಬೇಕೆನ್ನುವವರಿಗೆ ಒಂದು ಮಾತು. ಮೊಬೈಲಿನಲ್ಲಿ ಸಾವಿರ ಧ್ವನಿಮುದ್ರಣಗಳಿವೆ, ಕೇಳಿ. ಆದರೆ ಅವು ನಿಮ್ಮ ತಪ್ಪನ್ನು ತಿದ್ದುವುದಿಲ್ಲ. ಹತ್ತಿರದ ಗುಡಿಯಲ್ಲೋ ಮಂಡಳಿಯಲ್ಲೋ ಸಂತೆ ಹೇಳಿಸುವವರು ಯಾರಿದ್ದಾರೆಂದು ವಿಚಾರಿಸಿ, ಎದುರಿಗೆ ಹೋಗಿ ಕೂತುಕೊಳ್ಳಿ. ಅವರು ಅರ್ಥವನ್ನೂ ಹೇಳುವವರಾಗಿದ್ದರೆ ಬಿಡಬೇಡಿ. ಹೇಳದಿದ್ದರೆ ಕೇಳಿ, ಕೇಳುವವರು ಹೆಚ್ಚಾದರೆ ಮಂಡಳಿಗಳು ಪಾಠದ ಕೊನೆಗೆ ಕಾಲು ಗಂಟೆಯಾದರೂ ಅರ್ಥಕ್ಕೆ ಮೀಸಲಿಟ್ಟಾವು.